ಯಾರಪ್ಪನ ಗುಡ್ಡ?

ಮೈಸೂರಿನಿಂದ ಬಂದಿದ್ದ ಮಾವನವರನ್ನು ಮೌಂಟ್ ಟ್ಯಾಮಲ್ಪೈಸ್ ತೋರಿಸಲು ಕರೆದುಕೊಂಡು ಹೋಗಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆ ದಾಟಿದರೆ ಸಿಗುವ 2,571 ಅಡಿಯ ಗುಡ್ಡ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರಿಗೆ ಇದೇನು ಮಹಾ? ಕೈಯನ್ನು ಹಿಂದೆ ಕಟ್ಟಿಕೊಂಡು, ರೆಡ್‌ವುಡ್ ಮರಗಳ ನೆತ್ತಿ ನೋಡುತ್ತಾ ಹೊರಟಿದ್ದರು. ಬೆನ್ನ ಹಿಂದೆ ಕೂಗು ಕೇಳಿಸಿತು: "ಆನ್ ಯುವರ್ ಲೆಫ್ಟ್!"

ಮಾವ ಎಡಕ್ಕೆ ಹಾರಿದರು.

ಎಪ್ಪತ್ತು ವರ್ಷ ಎಡಕ್ಕೆ ಸರಿದೇ ಜೀವ ಉಳಿಸಿಕೊಂಡವರು ಇನ್ನೇನು ಮಾಡಿಯಾರು? 'ನಿಮ್ಮ ಎಡಗಡೆಯಿಂದ ಮುಂದೆ ಹೋಗುತ್ತಿದ್ದೇನೆ, ದಯವಿಟ್ಟು ಅತ್ತ ಬರಬೇಡಿ' ಎಂಬುದನ್ನು ಮೂರೇ ಪದದಲ್ಲಿ ಮುಗಿಸಿದ ಜಿಪುಣರದ್ದು ತಪ್ಪು. ಯುದ್ಧಕ್ಕೆ ಹೊರಟವನಂತೆ ತಲೆಗೆ, ಮೊಣಕೈಗೆ, ಮೊಣಕಾಲಿಗೆ ಕವಚ ತೊಟ್ಟಿದ್ದ ಸೈಕಲ್ ಸವಾರ ಬ್ರೇಕ್ ಅದುಮಿ, ಪಾಯ್ಸನ್ ಓಕ್ ಪೊದೆಯೊಳಗೆ ಉರುಳಿದ. ಎದ್ದು ಸಾರಿ ಕೇಳಿದ. "ಪರವಾಗಿಲ್ಲ, ನಿಧಾನ ಹೋಗಪ್ಪ" ಎಂದು ಮಾವ ಕನ್ನಡದಲ್ಲೇ ಹರಸಿ ಕಳಿಸಿದರು. ಪಾಯ್ಸನ್ ಓಕ್ ಸೋಕಿದವರಿಗೆ ತುರಿಕೆ ಶುರುವಾಗುವುದು ಆಮೇಲೆ. ನನಗೆ ಅಲ್ಲೇ ಶುರುವಾಯಿತು.

"ಇಂಥವರನ್ನ ಕಾಡಿಗೇ ಬಿಡಬಾರದು ಮಾವ. ಇಲ್ಲಿ ಮಿತಿ ಗಂಟೆಗೆ 15 ಮೈಲಿ, ಕುರುಡು ತಿರುವಿನಲ್ಲಿ 5. ಇವನು ಏನಿಲ್ಲ ಅಂದರೂ 20ರಲ್ಲಿದ್ದ!"

"ಬರುವಾಗ ಹೈವೇಲಿ 65 ಅಂತ ಬೋರ್ಡಿತ್ತು. ನೀವು 82ರಲ್ಲಿದ್ದಿರಿ" ಎಂದರು ಮಾವ. ಲೆಕ್ಕಪತ್ರ ಇಲಾಖೆಯಲ್ಲಿ ಸವೆದ ಜೀವ.

ಹೇಳಬೇಕೆಂದರೆ, ಮೌಂಟನ್ ಬೈಕ್ ಹುಟ್ಟಿದ್ದೇ ಈ ಸೀಮೆಯಲ್ಲಿ. ಸಮೀಪದ ಫೇರ್‌ಫ್ಯಾಕ್ಸ್ ಊರಿನ ಮೇಲಿನ ಇಳಿಜಾರೊಂದರಲ್ಲಿ 1976ರ ಅಕ್ಟೋಬರ್‌ನಲ್ಲಿ ಕೆಲವು ಹುಡುಗರು ದಪ್ಪ ಟೈರಿನ ಹಳೇ ಡಕೋಟಾ ಸೈಕಲ್‌ಗಳನ್ನು ಪಂದ್ಯಕ್ಕಿಳಿಸಿದರು. ಕೆಳಗೆ ತಲುಪುವಷ್ಟರಲ್ಲಿ ಬ್ರೇಕ್ ಕಾದು ಹಬ್‌ನೊಳಗಿನ ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಪ್ರತಿಸಲ ಹೊಸದಾಗಿ ತುಂಬಬೇಕು. ಹಾಗಾಗಿ ಆ ದಾರಿಗೆ 'ರೀಪ್ಯಾಕ್' ಎಂದೇ ಹೆಸರು ಬಿತ್ತು. ಗ್ಯಾರಿ ಫಿಶರ್ ಅದನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದ. ಜೋ ಬ್ರೀಝ್ 1977ರಲ್ಲಿ ಇದಕ್ಕೆಂದೇ ಹೊಸ ಸೈಕಲ್ ಕಟ್ಟಿದ. ಜಗತ್ತೆಲ್ಲ ಆ ಮಗುವನ್ನು ಎತ್ತಿ ಆಡಿಸಿತು. ತವರಿನವರು ಮಾತ್ರ ಕಿರುದಾರಿಗಳ ಬಾಗಿಲು ಹಾಕಿಕೊಂಡು, ಅಗಲದ ದಾರಿಗಳಲ್ಲಿ ರೇಡಾರ್ ಗನ್ ಹಿಡಿದು ನಿಂತರು. ಅದೇ ಫೇರ್‌ಫ್ಯಾಕ್ಸ್‌ನಲ್ಲಿ ಈಗ ಸೈಕಲ್ ಮ್ಯೂಸಿಯಂ ಇದೆ. ಸೈಕಲ್ ಅಲುಗಾಡದೆ ನಿಂತಿದ್ದರೆ ಯಾರಿಗೂ ತಕರಾರಿಲ್ಲ.

ನಾವು ನಡೆಯುವವರ ವಾದವೂ ಗಟ್ಟಿಯೇ. ಟೈರಿನಿಂದ ಮಣ್ಣು ಕೊಚ್ಚಿಹೋಗುತ್ತದೆ, ಕಾಡಿನ ಮೌನ ಕೆಡುತ್ತದೆ. ಹೀಗೆಂದು ನಮ್ಮ ಗುಂಪು ಪ್ರತಿ ಶನಿವಾರ ಒಮ್ಮತದಿಂದ ಮರುಗುತ್ತದೆ. ಏಳು ಜನ, ಐದು ಕಾರು, ಎರಡು ಡಬ್ಬಿ ಚಕ್ಕುಲಿ, ರಾಜ್‌ಕುಮಾರ್ ಹಾಡು ಮೊಳಗಿಸುವ ಒಂದು ಸ್ಪೀಕರ್. ತಿರುವಿನ ಸುತ್ತು ತಪ್ಪಿಸಲು ನಾವು ಅಡ್ಡ ಹಾಯ್ದು ಮಾಡಿದ ಒಳದಾರಿಯಲ್ಲಿ ಮಳೆಗಾಲಕ್ಕೆ ನೀರು ಹರಿಯುತ್ತದಂತೆ. ಹರಿಯಲಿ, ಅದು ಪ್ರಕೃತಿ.

ದಾರಿಯ ಬಾಯಲ್ಲಿ ಹಳದಿಯ ತ್ರಿಕೋನ ಫಲಕವಿರುತ್ತದೆ. ಸೈಕಲ್ಲಿನವನು ಎಲ್ಲರಿಗೂ ದಾರಿ ಬಿಡಬೇಕು, ನಡೆಯುವವನು ಕುದುರೆಗೆ, ಕುದುರೆ ಯಾರಿಗೂ ಇಲ್ಲ. ಮಾವನವರಿಗೆ ವಿವರಿಸುವುದೇ ಬೇಕಾಗಲಿಲ್ಲ. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದವರು. "ಕುದುರೆ ಗಂಡಿನ ಕಡೆ ಬೀಗರು ಅನ್ನಿ" ಎಂದರು. ದಾರಿಯ ನಟ್ಟನಡುವೆ ಬೀಗರು ಹಾಕಿಹೋಗಿದ್ದ ಲದ್ದಿಯನ್ನು ಇಬ್ಬರೂ ಗೌರವದಿಂದ ಸುತ್ತುಹಾಕಿ ನಡೆದೆವು. ಸೈಕಲ್ಲಿನ ಗೆರೆ ಕಂಡರೆ ಫೋಟೊ ತೆಗೆದು ದೂರು ಬರೆಯುವ ನಾನು ಲದ್ದಿಯ ಫೋಟೊ ತೆಗೆದಿದ್ದಿಲ್ಲ.

"ಅಷ್ಟಕ್ಕೂ ಈ ದಾರಿ ಮಾಡಿದ್ದು ಯಾರಿಗೆ?" ಎಂದರು ಮಾವ.

ರೈಲಿಗೆ! ಹೆಸರೇ ಓಲ್ಡ್ ರೈಲ್‌ರೋಡ್ ಗ್ರೇಡ್. 1896ರಿಂದ 1930ರವರೆಗೆ 281 ತಿರುವು ಸುತ್ತಿಕೊಂಡು ರೈಲು ಹತ್ತುತ್ತಿತ್ತು. ಜಗತ್ತಿನಲ್ಲೇ ಅತಿ ಸೊಟ್ಟ ರೈಲುಮಾರ್ಗವೆಂದು ಜಾಹೀರಾತು ಬೇರೆ. ಹಳಿ ಕಿತ್ತ ಜಾಗದಲ್ಲಿ ನಿಂತು 'ನಮ್ಮ ಪ್ರಾಚೀನ ಕಾಲುದಾರಿ' ಎಂದು ನಾವು ಹಲುಬುತ್ತಿದ್ದೇವೆ. ರೈಲಿಗೂ ಮುಂಚೆ ಇಲ್ಲಿ ಸಾವಿರಾರು ವರ್ಷ ಇದ್ದವರು ಕೋಸ್ಟ್ ಮಿವಾಕ್ ಜನ. ತ್ರಿಕೋನಕ್ಕೆ ಮೂರೇ ಮೂಲೆ, ಅವರಿಗೆ ಜಾಗ ಸಾಲಲಿಲ್ಲ.

ಎರಡು ವಾರದ ನಂತರ ಗುಂಪಿನೊಂದಿಗೆ ಮತ್ತೆ ಹೋದೆವು. ಮುಂದೆ ನಾವು ಏಳೂ ಜನ ಸಾಲಾಗಿ, ದಾರಿ ತುಂಬ ಹರಡಿಕೊಂಡು, ಸೈಕಲ್ಲಿನವರಿಗೆ ಶಿಸ್ತಿಲ್ಲವೆಂದು ಚರ್ಚಿಸುತ್ತಿದ್ದೆವು. ಮಾವ ಹಿಂದಿದ್ದರು. ಒಮ್ಮೆಲೇ ಗಂಟಲು ಸರಿಪಡಿಸಿಕೊಂಡು ಗುಡುಗಿದರು:

"ಆನ್ ಯುವರ್ ಲೆಫ್ಟ್!"

ಎಲ್ಲರೂ ಅಮೆರಿಕದ ಪಾಸ್‌ಪೋರ್ಟ್ ಇದ್ದವರು, ಕೆಲವರಿಗೆ ಇಪ್ಪತ್ತು ವರ್ಷದ ವಾಸ. ಏಳೂ ಜನ ಎಡಕ್ಕೆ ಹಾರಿ ಪೊದೆಯೊಳಗೆ ನಿಂತೆವು. ಮಾವ ಖಾಲಿಯಾದ ಬಲಗಡೆಯಿಂದ ಕೈ ಹಿಂದೆ ಕಟ್ಟಿಕೊಂಡೇ ಮುಂದೆ ಹೋದರು.