ಪುಟ್ಟಿ ಯಜಮಾನರು

ನವಲಗುಂದ ತಾಲೂಕಿನ ಯಮನೂರಿನಲ್ಲಿ ಹೋಳಿ ಹತ್ತಿರ ಬಂತೆಂದರೆ ಎರಡು ಕಡೆ ಬಿರುಕು ಕಾಣಿಸುತ್ತದೆ, ಒಂದು ಹೊಲದಲ್ಲಿ, ಇನ್ನೊಂದು ಗೋಡೆಯಲ್ಲಿ. ಹೊಲದ್ದನ್ನು ಮಳೆರಾಯ ನೋಡಿಕೊಳ್ಳುತ್ತಾನೆ, ಗೋಡೆಯದನ್ನು ಪುಟ್ಟಿ ಯಜಮಾನರು. ಇವರು ಒಬ್ಬರಲ್ಲ, ಓಣಿಗೆ ನಾಲ್ಕು ಮಂದಿ ಸಿಗುತ್ತಾರೆ. ಹೋಳಿಯ ಬೆನ್ನಿಗೇ ಜಾತ್ರೆ. ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗಸವಾರನೆಂದೂ ನಡೆದುಕೊಳ್ಳುವ ಈ ದೈವಕ್ಕೆ ಬೆಣ್ಣೆಹಳ್ಳದಲ್ಲಿ ಮಿಂದು ಬರುವ ಮಂದಿಯಲ್ಲಿ ಬೀಗರೂ ಇರುತ್ತಾರೆ. ಬೀಗರಿಗೆ ದೇವರ ದರ್ಶನ ಎಷ್ಟು ಮುಖ್ಯವೋ ಪಡಸಾಲೆಯ ಗೋಡೆಯ ದರ್ಶನವೂ ಅಷ್ಟೇ ಮುಖ್ಯ. ಆದಕಾರಣ ನಲವತ್ತು ಕಿಲೋದ ಪುಟ್ಟಿ ಚೀಲ ಮನೆಗೆ ಬರುತ್ತದೆ. ಈ ಸೀಮೆಯಲ್ಲಿ ಪುಟ್ಟಿ ಎಂದರೆ ಹೆಂಡಿ, ಮಣ್ಣು ಹೊರುವ ಬುಟ್ಟಿ. ಈಗ ಗೋಡೆಗೆ ಮೆತ್ತುವ ಬಿಳಿ ಹಿಟ್ಟಿಗೂ ಅದೇ ಹೆಸರು. ಯಜಮಾನರಿಗೆ ಇದರಲ್ಲಿ ಗೊಂದಲವೇನಿಲ್ಲ, ಎರಡರ ಕೆಲಸವೂ ತಗ್ಗು ತುಂಬುವುದೇ. ಪೇಂಟರ್ ಬಿರುಕಿನೊಳಗೆ ಉಗುರು ಆಡಿಸಿ, "ಯಜಮಾನ್ರ, ಇದು ಬುನಾದಿದೈತ್ರಿ" ಎಂದರೆ ಉತ್ತರ ತಯಾರಿರುತ್ತದೆ: "ಬುನಾದಿ ಯಾರ್ ನೋಡ್ತಾರೋ ತಮ್ಮಾ, ಗ್ವಾಡಿ ನೋಡ್ತಾರ. ನೀ ಹಚ್ಚು."

ಬಿರುಕುಗಳ ವಿಷಯದಲ್ಲಿ ಇವರದು ಪಕ್ಕಾ ವರ್ಗೀಕರಣ. ಕೂದಲೆಳೆಯಷ್ಟಿದ್ದರೆ ಬರೀ ಪುಟ್ಟಿ. ಬೆಂಕಿಕಡ್ಡಿ ತೂರುವಷ್ಟಿದ್ದರೆ ಜಾಳಿಗೆ ಪಟ್ಟಿ ಅಂಟಿಸಿ ಅದರ ಮೇಲೆ ಪುಟ್ಟಿ. ಬೆರಳು ಹೋಗುವಷ್ಟಿದ್ದರೆ ಕ್ಯಾಲೆಂಡರ್. ಹಲ್ಲಿ ಸಂಸಾರ ಹೂಡುವಷ್ಟಿದ್ದರೆ ಅದರ ಮುಂದೆ ತಿಜೋರಿ ತಂದು ನಿಲ್ಲಿಸುವುದು. ಮುಚ್ಚಿದ ಮೇಲೆ ಉಸುಕಿನ ಕಾಗದದಿಂದ ತಿಕ್ಕಿಸಿ, ಪ್ರೈಮರ್ ಬಳಿಸಿ, ಎರಡು ಕೈ ಬಣ್ಣ ಹೊಡೆಸಿ, ಗೋಡೆಗೆ ಕೆನ್ನೆ ತಾಗಿಸಿ ಒಂದೇ ಕಣ್ಣಲ್ಲಿ ಉದ್ದಕ್ಕೂ ನೋಡುತ್ತಾರೆ. ಆಗ ಅವರ ಮುಖದಲ್ಲಿ ಕಾಣುವ ತೃಪ್ತಿ ಜೋಳದ ರಾಶಿಯ ಮುಂದೆ ನಿಂತಾಗಲೂ ಕಾಣುವುದಿಲ್ಲ.

ಇದನ್ನು ನೋಡಿ ನಗುವವರು 'ಮೇಲೆ ಥಳಕು, ಒಳಗೆ ಹುಳುಕು' ಎಂದು ಗಾದೆ ಎಸೆದು ಹೋಗುತ್ತಾರೆ. ಆದರೆ ತೀರ್ಪು ಕೊಡುವ ಮುಂಚೆ ಗೋಡೆಯ ಕೆಳಗಿನ ಮಣ್ಣನ್ನು ವಿಚಾರಿಸಬೇಕು. ಇದು ಎರೆ ಭೂಮಿ. ಇದರ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬ್ಯಾಸಗಿಯಲ್ಲಿ ಕೈ ತೂರುವಷ್ಟು ಬಾಯಿ ಬಿಡುವ ಹೊಲವನ್ನು ಇದೇ ಯಜಮಾನರು ಕಟ್ಟೆಯ ಮೇಲೆ ಕೂತು ಹೊಗಳುತ್ತಾರೆ: "ಎರಿ ಅಂದ್ರ ತನ್ನ ತಾನ ಉಳಕೊಳ್ಳೋ ಭೂಮಿರೀ." ಹೊಲದಲ್ಲಿ ಬಿರಿದರೆ ಭಾಗ್ಯ, ಮನೆಯಲ್ಲಿ ಬಿರಿದರೆ ಮರ್ಯಾದೆಗೇಡು. ಮಣ್ಣಿಗೇನು ಗೊತ್ತು, ತನ್ನ ಮೇಲೆ ಕಡಲೆ ಇದೆಯೋ ಪಡಸಾಲೆ ಇದೆಯೋ? ಅದು ವರ್ಷಕ್ಕೊಮ್ಮೆ ಉಸಿರು ತೆಗೆದುಕೊಳ್ಳುತ್ತದೆ, ಮೇಲೆ ಕೂತ ಗೋಡೆ ಅದರ ಜೊತೆ ಏರಿಳಿಯುತ್ತದೆ. ಹಾಗಾದರೆ ಇಲ್ಲಿ ಗೋಡೆಯೂ ಒಂದು ಹೊಲವೇ. ಹೊಲವನ್ನು ವರ್ಷಾ ಹರಗುವವನನ್ನು ಯಾರೂ ಮೋಸಗಾರ ಎನ್ನುವುದಿಲ್ಲ. ಗೋಡೆಯನ್ನು ವರ್ಷಾ ಮೆತ್ತುವವನಿಗೆ ಮಾತ್ರ ಯಾಕೆ ಆ ಪಟ್ಟ?

ಈ ಬುದ್ಧಿ ಯಮನೂರಿನದಷ್ಟೇ ಅಲ್ಲ. ಇಂಗ್ಲೆಂಡಿನವರು ಇದಕ್ಕೊಂದು ಶಾಸ್ತ್ರವನ್ನೇ ಮಾಡಿಕೊಂಡಿದ್ದಾರೆ. ಹಳೆ ಗೋಡೆಯ ಗಿಲಾವು ಸಣ್ಣಗೆ ಬಿರಿದಿದ್ದರೆ ಅದರ ಮೇಲೆ ಲೈನಿಂಗ್ ಪೇಪರ್ ಎಂಬ ಬಣ್ಣವಿಲ್ಲದ ದಪ್ಪ ಕಾಗದವನ್ನು ಅಂಟಿಸಿ, ಒಣಗಿದ ಮೇಲೆ ಬಣ್ಣ ಬಳಿಯುತ್ತಾರೆ. ಆ ಕಾಗದಕ್ಕೆ 800, 1000, 1200, 1400 ಎಂದು 2000ದ ತನಕ ನಂಬರುಗಳಿವೆ. ಗೋಡೆ ಎಷ್ಟು ಕೆಟ್ಟಿದೆಯೋ ನಂಬರು ಅಷ್ಟು ದೊಡ್ಡದು. ಮೇಲೆ ಬಣ್ಣವೇ ಕೊನೆಯಾದರೆ ಕಾಗದವನ್ನು ಉದ್ದಕ್ಕೆ ಇಳಿಬಿಡಬೇಕು, ಇನ್ನೊಂದು ಚಿತ್ತಾರದ ಕಾಗದ ಬರುವುದಿದ್ದರೆ ಅಡ್ಡ ಅಂಟಿಸಬೇಕು, ಎರಡರ ಜೋಡು ಒಂದೇ ಕಡೆ ಬೀಳಬಾರದು. ನಮ್ಮಲ್ಲಿ ಇದೇ ಕೆಲಸವನ್ನು ಹಳೆ ಪೇಪರ್ ಮತ್ತು ಗಂಜಿ ಮಾಡುತ್ತಿದ್ದವು, ನಂಬರಿಲ್ಲದೆ. ಗೋಡೆಗೆ ಒರಗಿದರೂ ಬೆನ್ನಿಗೆ ಸುಣ್ಣ ಹತ್ತುತ್ತಿರಲಿಲ್ಲ, ಕೂತಲ್ಲೇ ಸುದ್ದಿ ಓದಬಹುದಿತ್ತು. ಬಿಲಾಯತಿ ಕಾಗದ ಯಮನೂರಿಗೆ ಬಂದಿದ್ದರೆ ಯಜಮಾನರು 2000ದ ನಂಬರನ್ನೇ ಕೇಳುತ್ತಿದ್ದರು, ಆಮೇಲೆ ಒರಲಿ ಅದನ್ನು ಅಂಟಿನ ಸಮೇತ ಉಂಡು ಹೋಗುತ್ತಿತ್ತು.

ಮುಚ್ಚುವ ಬದಲು ಬುನಾದಿಯನ್ನೇ ಗಟ್ಟಿ ಹಾಕಬಾರದಿತ್ತೇ ಎಂದು ಎಂಜಿನಿಯರರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಎರೆ ಮಣ್ಣಿಗೆಂದೇ ಬುಡದಲ್ಲಿ ಗಡಿಗೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳಿವೆ. ಭಾರತೀಯ ಮಾನಕ 2911ರ ಮೂರನೇ ಭಾಗ ಪೂರ್ತಿ ಅವುಗಳದ್ದೇ. ಸಾಮಾನ್ಯವಾಗಿ ಅವನ್ನು ಮೂರೂವರೆ ಮೀಟರ್ ಆಳಕ್ಕೆ, ಋತುಮಾನದ ಹಸಿ-ಒಣ ಆಟ ಮುಟ್ಟದ ಪದರಕ್ಕೆ ಇಳಿಸುತ್ತಾರೆ. ಹೊಸ ಮನೆಗೆ ಇದೇ ಸರಿ. ಆದರೆ ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆಯ ಕೆಳಗೆ ಕಂಬ ಹೊಗಿಸುವುದೆಂದರೆ ಕೂತ ಎತ್ತಿಗೆ ಲಾಳ ಹೊಡೆದಂತೆ: ಆಗದ ಕೆಲಸವಲ್ಲ, ಆದರೆ ಎತ್ತು ಒಪ್ಪಬೇಕು, ಹಣವೂ ಇರಬೇಕು.

ಎರಡನೆಯ ಆಕ್ಷೇಪ ಹಿರಿಯರದು: ಸುಣ್ಣವೇ ಮೇಲಾಗಿತ್ತು. ಒಪ್ಪಬೇಕಾದ ಮಾತು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ, ಕೂದಲೆಳೆ ಬಿರುಕನ್ನು ತಾನೇ ಬೆಸೆಯುತ್ತದೆ, ಮಣ್ಣಿನ ಗೋಡೆಯ ಹಸಿಯನ್ನು ಹೊರಗೆ ಬಿಡುತ್ತದೆ. ಅದೇ ಗೋಡೆಗೆ ಆಯಿಲ್ ಪೇಂಟ್ ಹೊಡೆದರೆ ಒಳಗಿನ ನೀರು ಸಿಕ್ಕಿಬಿದ್ದು ಹಪ್ಪಳದಂತೆ ಉಬ್ಬಿ ಉದುರುತ್ತದೆ. ಆದರೆ ಸುಣ್ಣವೂ ಮುಚ್ಚಿಗೆಯೇ ಅಲ್ಲವೇ? ಅಜ್ಜ ವರ್ಷಾ ಹಬ್ಬಕ್ಕೆ ಸುಣ್ಣ ಹಚ್ಚಿದ್ದು ಗೋಡೆ ಮತ್ತೆ ಬಿರಿಯುತ್ತದೆಂದು ಗೊತ್ತಿದ್ದೇ. ಮೊಮ್ಮಗ ಮುಚ್ಚುವುದು ತಪ್ಪಲ್ಲ. ಡಬ್ಬಿಯ ಮೇಲಿನ ಹತ್ತು ವರ್ಷದ ಗ್ಯಾರಂಟಿ ಓದಿ, ಒಮ್ಮೆ ಮುಚ್ಚಿದರೆ ಮುಗಿಯಿತು ಎಂದುಕೊಳ್ಳುವುದೇ ತಪ್ಪು. ಗ್ಯಾರಂಟಿ ಬಣ್ಣಕ್ಕೆ, ಎರೆ ಮಣ್ಣು ಯಾವ ಕಾಗದಕ್ಕೂ ಸಹಿ ಹಾಕಿಲ್ಲ.

ಒಂದು ಎಚ್ಚರವಂತೂ ಬೇಕು. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ ಬಿರುಕು, ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕು ಪುಟ್ಟಿಯ ಗಿರಾಕಿಯಲ್ಲ. ಅದನ್ನು ಗುರುತಿಸುವ ಹಳೆ ಉಪಾಯವೆಂದರೆ ಬಿರುಕಿನ ಮೇಲೆ ಅಡ್ಡಕ್ಕೆ ಒಂದು ಚೂರು ಕಾಗದ ಅಂಟಿಸಿ ತಾರೀಖು ಬರೆಯುವುದು. ಕಾಗದ ಹರಿದರೆ ಗೋಡೆ ಇನ್ನೂ ನಡೆಯುತ್ತಿದೆ ಎಂದರ್ಥ. ಯಜಮಾನರಿಗೆ ಇದು ಹೊಸದೇನಲ್ಲ. ಕಾಗದವೂ ತಾರೀಖೂ ಸೇರಿದ ವಸ್ತು ಅವರ ಬಿರುಕಿನ ಮೇಲೆ ಆಗಲೇ ನೇತಾಡುತ್ತಿದೆ. ಪ್ರತಿ ಜನವರಿಯಲ್ಲಿ ಹಳೆಯದನ್ನು ಇಳಿಸಿ ಹೊಸದನ್ನು ಮೊಳೆಗೆ ಸಿಗಿಸಿದಾಗ, ಬಿರುಕು ಕೆಳಗಿನ ಅಂಚನ್ನು ದಾಟಿ ಎರಡು ಬೆರಳು ಇಳಿದಿರುತ್ತದೆ. ಯಜಮಾನರು ಅದನ್ನು ಬೆರಳಿಟ್ಟು ಅಳೆದು ನೋಡಿ, ನೇರ ಕಿರಾಣಿ ಅಂಗಡಿಗೆ ನಡೆಯುತ್ತಾರೆ: "ಇದಕ್ಕಿಂತ ಉದ್ದಂದ್ ಕ್ಯಾಲೆಂಡರ್ ಐತೇನ್ರಿ?"