ಆಟವಿಲ್ಲದ ಕಾಲದ ಆಟ

ನವೆಂಬರ್ ಬಂತೆಂದರೆ ಬಾಸ್ಟನ್ನಿನ ಫೆನ್‌ವೇ ಬೇಸ್‌ಬಾಲ್ ಮೈದಾನಕ್ಕೆ ಬೀಗ. ಅಲ್ಲಿನ ರೆಡ್ ಸಾಕ್ಸ್ ತಂಡದ ಅಭಿಮಾನಿಗಳ ಬಾಯಿಗಿಲ್ಲ. ತಮ್ಮ ತಂಡಕ್ಕೆ ಯಾರು ಬಂದರು ಎನ್ನುವುದಕ್ಕಿಂತ ಬದ್ಧವೈರಿ ನ್ಯೂಯಾರ್ಕ್ ಯಾಂಕೀಸ್‌ನಿಂದ ಯಾರು ಹೋದರು ಎಂಬುದೇ ಅವರಿಗೆ ಹಬ್ಬದೂಟ. 2024ರ ಡಿಸೆಂಬರಿನಲ್ಲಿ ಹುವಾನ್ ಸೋಟೊ ಯಾಂಕೀಸ್ ಬಿಟ್ಟು ಅದೇ ನ್ಯೂಯಾರ್ಕಿನ ಮೆಟ್ಸ್ ಸೇರಿದ: 15 ವರ್ಷಕ್ಕೆ 76.5 ಕೋಟಿ ಡಾಲರ್! ಬಾಸ್ಟನ್ನೂ ಅವನಿಗಾಗಿ ಹಣದ ಚೀಲ ಹಿಡಿದು ನಿಂತಿತ್ತು. ನಮಗೆ ಸಿಗದಿದ್ದರೇನು, ಅವರಿಗೂ ಇಲ್ಲವಲ್ಲ!

ಅದೇ ವಾರ ಪಿಚರ್ ಗ್ಯಾರೆಟ್ ಕ್ರೋಶೆಗಾಗಿ ರೆಡ್ ಸಾಕ್ಸ್ ನಾಲ್ವರು ಎಳೆಯ ಆಟಗಾರರನ್ನು ಶಿಕಾಗೋ ವೈಟ್ ಸಾಕ್ಸ್‌ಗೆ ಕೊಟ್ಟಿತು. ಅವರ ಹೆಸರೂ ಕೇಳಿರದವರು ‘ಅಯ್ಯೋ ನಮ್ಮ ಹುಡುಗರು’ ಎಂದು ಹಲುಬಿದ್ದೇ ಹಲುಬಿದ್ದು. ಮಹಾನ್ ಆಟಗಾರ ಬೇಬ್ ರೂತ್‌ನನ್ನೇ ಯಾಂಕೀಸ್‌ಗೆ ಮಾರಿಕೊಂಡ ಊರು ನೋಡಿ, ಯಾರನ್ನು ಬಿಟ್ಟರೂ ಎದೆ ಧಸಕ್ಕೆನ್ನುತ್ತದೆ.

ಫೆಬ್ರುವರಿಯಲ್ಲಿ ಫ್ಲಾರಿಡಾದ ಅಭ್ಯಾಸ ಶುರುವಾಗುವಷ್ಟರಲ್ಲಿ ಅಭಿಮಾನಿ ಮನಸ್ಸಿನಲ್ಲೇ ಕಪ್ ಗೆದ್ದಾಗಿರುತ್ತದೆ. ಮಾರ್ಚ್ ಕೊನೆಗೆ ನಿಜವಾದ ಆಟ ಶುರುವಾಗಿ ಎಲ್ಲ ಕೆಡಿಸುತ್ತದೆ.