ನೆರಳು ಮೀಮಾಂಸೆ ಅಥವಾ ಬಳ್ಳಾರಿ ಸೀಮೆಯ ಕ್ಯಾಂಪಸ್ಸುಗಳಲ್ಲಿ ಗಾಡಿ ಹಚ್ಚುವ ಶಾಸ್ತ್ರ ಹಾಗೂ ತತ್ಸಂಬಂಧಿ ಲಾಭದಾಯಕ ಉದ್ಯಮದ ವಿಚಾರ

ಮಂಗಳಾಚರಣೆ

ಮೊದಲ ವಂದನೆ ವಿಘ್ನೇಶ್ವರನಿಗೆ. ಅವನ ವಾಹನ ಇಲಿ. ಯಾವ ಸಂದಿಯಲ್ಲಾದರೂ ತೂರಿಸಿ ನಿಲ್ಲಿಸಬಹುದು. ಎರಡನೆಯ ವಂದನೆ ಷಣ್ಮುಖನಿಗೆ. ಅವನ ನವಿಲು ಮರದ ಮೇಲೇ ಕೂರುತ್ತದೆ, ನೆಲದ ಹಂಗಿಲ್ಲ. ಈ ಎರಡೂ ಸವಲತ್ತಿಲ್ಲದೆ ಸ್ಪ್ಲೆಂಡರ್ ಬೈಕ್ ಏರಿ ಓದಲು ಬರುವ ಮರ್ತ್ಯರ ಹಿತಕ್ಕಾಗಿ ಈ ಪ್ರಬಂಧ ರಚಿತವಾಗಿದೆ.

೧. ವಿಷಯ ಪ್ರವೇಶ

ವಿಶ್ವವಿದ್ಯಾಲಯವೆಂದರೇನು? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್ ಇದಕ್ಕೆ ಕೊಟ್ಟ ಲಕ್ಷಣ ಜಗತ್ಪ್ರಸಿದ್ಧ: ತಂತಮ್ಮ ದಾರಿ ಹಿಡಿದ ಪ್ರಾಧ್ಯಾಪಕರನ್ನು ಒಂದುಗೂಡಿಸಿ ಇಟ್ಟಿರುವುದು ಪಾರ್ಕಿಂಗ್ ಕುರಿತ ದೂರೊಂದೇ. ಈ ಲಕ್ಷಣವನ್ನು ಒಪ್ಪಿದರೆ ಬಳ್ಳಾರಿ ಪರಿಪೂರ್ಣ ವಿದ್ಯಾಕ್ಷೇತ್ರ. ಇಲ್ಲಿನ ಕಾಲೇಜುಗಳು ಬಹಳ ಕಾಲ ಗುಲ್ಬರ್ಗಾ ವಿಶ್ವವಿದ್ಯಾಲಯದ ಅಡಿಯಲ್ಲಿದ್ದವು. ಪದವಿಯ ಕಾಗದ ಅಲ್ಲಿಂದ ಬರಬೇಕಿತ್ತು. ಪಾರ್ಕಿಂಗ್ ದೂರು ಮಾತ್ರ ಇಲ್ಲೇ ತಯಾರಾಗುತ್ತಿತ್ತು. 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಎರಡೂ ಒಂದೇ ಊರಿಗೆ ಸೇರಿದವು.

ಪ್ರಸ್ತುತ ಅಧ್ಯಯನ ನಡೆದ ಕ್ಯಾಂಪಸ್ಸಿನ ಹೆಸರನ್ನು ಸಂಶೋಧನಾ ನೀತಿಗೆ ಬದ್ಧರಾಗಿ ಹೇಳುವುದಿಲ್ಲ. ಅಲ್ಲೊಂದು ಗೇಟು, ಗೇಟಿಗೊಬ್ಬ ವಾಚ್‌ಮನ್ ತಾತ, ಒಳಗೆ ಬೇಕಾದಷ್ಟು ಬಯಲು ಇದೆ. ಇಷ್ಟು ಹೇಳಿದರೆ ಯಾರಿಗೂ ಗುರುತು ಸಿಗಲಾರದು.

೨. ಪದಾರ್ಥ ನಿರ್ಣಯ

ಬಳ್ಳಾರಿ ಸೀಮೆಯಲ್ಲಿ ಗಾಡಿಯನ್ನು ಯಾರೂ ‘ಪಾರ್ಕ್’ ಮಾಡುವುದಿಲ್ಲ, ‘ಹಚ್ಚು’ತ್ತಾರೆ. “ಅಣ್ಣಾ, ಗಾಡಿ ಸ್ವಲ್ಪ ಅತ್ಲಾಗ ಹಚ್ಚು” ಎನ್ನುವುದು ಇಲ್ಲಿ ದಿನಕ್ಕೆ ನೂರು ಬಾರಿ ಕಿವಿಗೆ ಬೀಳುವ ಮಾತು. ವಿದ್ವಾಂಸರು ಈ ಧಾತುವಿನ ಮೇಲೆ ಇನ್ನೂ ಬೆಳಕು ಚೆಲ್ಲದಿರುವುದು ಖೇದಕರ. ಇದಕ್ಕೆ ಮೂರು ಅರ್ಥಗಳು. ಮೊದಲನೆಯದು ಸವರುವುದು: ರೊಟ್ಟಿಗೆ ಬೆಣ್ಣೆ ಹಚ್ಚು. ಎರಡನೆಯದು ಉರಿಸುವುದು: ದೀಪ ಹಚ್ಚು. ಮೂರನೆಯದು ನಿಲ್ಲಿಸುವುದು: ಗಾಡಿ ಹಚ್ಚು. ಏಪ್ರಿಲ್ ಮಧ್ಯಾಹ್ನದ ಬಳ್ಳಾರಿಯಲ್ಲಿ ಮೂರೂ ಅರ್ಥಗಳು ಒಂದಾಗುತ್ತವೆ. ಬಿಸಿಲಿಗೆ ಹಚ್ಚಿದ ಗಾಡಿಯ ಸೀಟು ಹತ್ತಿಕೊಂಡಂತಿರುತ್ತದೆ. ಮೇಲೆ ಕೂತವನು ಮನೆಗೆ ಹೋಗಿ ಬೆಣ್ಣೆ ಸವರಿಕೊಳ್ಳುತ್ತಾನೆ. ಇಂಥ ತ್ರಿವೇಣಿ ಸಂಗಮ ಬೇರೆ ಯಾವ ಭಾಷೆಯಲ್ಲೂ ನಮಗೆ ಕಂಡಿಲ್ಲ. ಈ ಮೂರರ ಹೊರತು ನಾಲ್ಕನೆಯ ಅರ್ಥವಿಲ್ಲವೆಂದು ನಿಸ್ಸಂಶಯವಾಗಿ ಸ್ಥಾಪಿಸಲಾಗಿದೆ.

೩. ಪೂರ್ವೇತಿಹಾಸ

ಪಾರ್ಕಿಂಗಿನ ಚರಿತ್ರೆಯನ್ನು ಅಮೆರಿಕದವರು 1935ರ ಜುಲೈಯಿಂದ ಎಣಿಸುತ್ತಾರೆ. ಒಕ್ಲಹೋಮ ಸಿಟಿಯಲ್ಲಿ ಮೊದಲ ಪಾರ್ಕಿಂಗ್ ಮೀಟರ್ ನಿಂತದ್ದು ಆಗ. ನಾವು ಇದನ್ನು ನಮ್ರವಾಗಿ ತಿರಸ್ಕರಿಸುತ್ತೇವೆ. ಬಳ್ಳಾರಿಯಿಂದ ಹೊಸಪೇಟೆಯ ದಾರಿಯಲ್ಲಿ ಕುಡುತಿನಿಯ ಬೂದಿದಿಬ್ಬವಿದೆ. ನವಶಿಲಾಯುಗದ ಇಂಥ ದಿಬ್ಬಗಳು ಈ ಸೀಮೆಯಲ್ಲಿ ಹಲವಾರು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ಜನ ನಂಬಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಂಥ ದಿಬ್ಬಗಳನ್ನು ಪರೀಕ್ಷಿಸಿ ಇದು ಸುಟ್ಟ ಸಗಣಿ ಎಂದರು. ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1963ರ ತಮ್ಮ ಪುಸ್ತಕದಲ್ಲಿ ಇವು ದನಗಳನ್ನು ಬೇಲಿಯೊಳಗೆ ಕೂಡಿಹಾಕುತ್ತಿದ್ದ ದೊಡ್ಡಿಗಳೆಂದು ವಾದಿಸಿದರು. ಅಂದರೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆಯೇ ಇಲ್ಲಿ ಸುಸಜ್ಜಿತ ಪಾರ್ಕಿಂಗ್ ಇತ್ತು. ಬಹುಕಾಲ ನಿಂತ ವಾಹನಗಳಿಂದ ನೆಲ ಗುಡ್ಡವಾಗುವಷ್ಟು ಎತ್ತರಕ್ಕೇರಿದ್ದನ್ನು ಗಮನಿಸಿದರೆ ಇದು ಜಗತ್ತಿನ ಪ್ರಥಮ ಬಹುಮಹಡಿ ಪಾರ್ಕಿಂಗ್ ಎಂದರೂ ಅತಿಶಯವಲ್ಲ.

ಎರಡನೆಯ ಆಧಾರ ಹಂಪಿಯ ಗಜಶಾಲೆ. ಸಾಲಾಗಿ 11 ಕೋಣೆ, ಒಂದೊಂದಕ್ಕೂ ಗುಮ್ಮಟದ ಸೂರು. ಮೀಸಲು ಪಾರ್ಕಿಂಗ್ ಎಂಬುದು ಆಡಳಿತ ಕಚೇರಿಯ ಮುಂದಿನ ಬಿಳಿ ಕಾರುಗಳಿಂದ ಹುಟ್ಟಿದ್ದಲ್ಲವೆಂದು ಇದರಿಂದ ಸಿದ್ಧ.

ಮೂರನೆಯದು, ಅತ್ಯಂತ ಪ್ರಬಲವಾದದ್ದು, ಕುರುಗೋಡು. ಅಲ್ಲಿನ ದೊಡ್ಡಬಸವೇಶ್ವರ ಏಕಶಿಲೆಯ ಬೃಹತ್ ನಂದಿ. ನಂದಿ ವಾಹನವೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ಬೇರೆಡೆ ಈ ವಾಹನ ಗುಡಿಯ ಎದುರಿನ ಮಂಟಪದಲ್ಲಿ ಒಡೆಯನಿಗಾಗಿ ಕಾಯುತ್ತದೆ. ಕುರುಗೋಡಿನಲ್ಲಿ ವಾಹನವೇ ಗರ್ಭಗುಡಿಯಲ್ಲಿ ಕೂತು ಪೂಜೆ ಪಡೆಯುತ್ತಿದೆ. ಶತಮಾನಗಳಿಂದ ನಿಂತಲ್ಲೇ ಇದೆ. “ಯಾರದ್ರಪ್ಪಾ ಇದು, ತೆಗೀರಿ” ಎಂದು ಒಬ್ಬನೂ ಹಾರ್ನ್ ಮಾಡಿಲ್ಲ. ಅದೇ ಊರಿನ ತೇರೂ ಗಮನಾರ್ಹ. ಕಾರುಗಳು ತಮ್ಮ ಆಯುಷ್ಯದ ಶೇ. 95ರಷ್ಟನ್ನು ನಿಂತೇ ಕಳೆಯುತ್ತವೆಂದು ‘ದಿ ಹೈ ಕಾಸ್ಟ್ ಆಫ್ ಫ್ರೀ ಪಾರ್ಕಿಂಗ್’ ಬರೆದ ಡೊನಾಲ್ಡ್ ಶೂಪ್ 2005ರಲ್ಲಿ ಜಗತ್ತನ್ನು ಬೆಚ್ಚಿಬೀಳಿಸಿದರು. ಜಾತ್ರೆಯ ಒಂದು ದಿನ ಉರುಳಿ ಮಿಕ್ಕ 364 ದಿನ ನಿಲ್ಲುವ ತೇರನ್ನು ಅವರು ನೋಡಿರಲಿಲ್ಲ. ಅದರ ಲೆಕ್ಕ ಶೇ. 99.7. ಆದರೂ ತೇರಿಗೆ ಜಾಗ ಸಾಲದೆಂದು ಊರು ಎಂದೂ ಗೊಣಗಿಲ್ಲ. ಮೊದಲೇ ಅದಕ್ಕೊಂದು ನೆಲೆ ಮಾಡಿಟ್ಟಿದೆ.

೪. ಕ್ಷೇತ್ರಕಾರ್ಯ

ನಾವು ಮೂರು ದಿನ ಗೇಟಿನ ಬಳಿ ಕಲ್ಲಿನ ಮೇಲೆ ಕೂತು ಅವಲೋಕಿಸಿದೆವು. ಮೊದಲ ದಿನವೇ ಬೆರಗಾಯಿತು. ಸ್ಪ್ಲೆಂಡರ್ ಎರಡು ಮೀಟರ್ ಉದ್ದ, 72 ಸೆಂಟಿಮೀಟರ್ ಅಗಲ. ಹಿಡಿಯುವ ನೆಲ 1.44 ಚದರ ಮೀಟರ್. ಈ ಲೆಕ್ಕದಲ್ಲಿ ಒಂದು ಎಕರೆಗೆ 2,800 ಬೈಕುಗಳು ಕೂರುತ್ತವೆ. ಹೊರಗೆ ತೆಗೆಯುವ ಆಸೆ ಬಿಟ್ಟರೆ. ಕ್ಯಾಂಪಸ್ಸಿನ ಬಯಲು ಖಾಲಿ ಹೊಡೆಯುತ್ತಿತ್ತು. ಆದರೆ ಒಂದೇ ಒಂದು ಹೊಂಗೆ ಮರದ ಬುಡದಲ್ಲಿ ಮೂವತ್ತು ಗಾಡಿಗಳು ಹ್ಯಾಂಡಲ್‌ಗೆ ಹ್ಯಾಂಡಲ್ ಸಿಕ್ಕಿಸಿಕೊಂಡು ಕುಸ್ತಿಗೆ ನಿಂತಿದ್ದವು. ಈ ಸೀಮೆಯಲ್ಲಿ ಕೊರತೆಯಿರುವುದು ಜಾಗಕ್ಕಲ್ಲ, ನೆರಳಿಗೆ. ಇದೇ ಈ ಪ್ರಬಂಧದ ಮಹಾಶೋಧ.

ಎರಡನೆಯ ದಿನ ಸಿರುಗುಪ್ಪದಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ಬಂದ ವಿದ್ಯಾರ್ಥಿಯೊಬ್ಬ ಒಂಬತ್ತು ಗಂಟೆಗೆ ಮರದ ಪಶ್ಚಿಮಕ್ಕೆ ತಂಪು ನೋಡಿ ಗಾಡಿ ತಂದ.

“ತಾತಾ, ಇಲ್ಲೇ ನೆಳ್ಳಾಗ ಹಚ್ಲೇನು?”

“ಹಚ್ಚಪಾ. ಹನ್ನೆರಡಾದ್ ಮ್ಯಾಲೆ ನೆಳ್ಳು ಆಕಡೆ ಹೋಗ್ತೈತಿ. ಸಂಜಿಕ ಸೀಟಿನ ಮ್ಯಾಲ ರೊಟ್ಟಿ ಸುಟ್ಕೆಂಡು ಊರಿಗೆ ಹೋಗು.”

ಹುಡುಗ ನಕ್ಕು ಅಲ್ಲೇ ಹಚ್ಚಿದ. ತಾತ ಹೇಳಿದ್ದು ಶುದ್ಧ ಖಗೋಳಶಾಸ್ತ್ರ. ಸೂರ್ಯ ತಾಸಿಗೆ 15 ಡಿಗ್ರಿ ಜರುಗುತ್ತಾನೆ. ಬೆಳಿಗ್ಗೆ ಪಶ್ಚಿಮಕ್ಕೆ ಚಾಚಿದ ನೆರಳು ಮಧ್ಯಾಹ್ನದ ಮೇಲೆ ಪೂರ್ವಕ್ಕೆ ಹೊರಳುತ್ತದೆ. ಬೆಳಿಗ್ಗೆ ಬಿಸಿಲಿಗೆ ಹಚ್ಚಿದವನಿಗೆ ಸಂಜೆ ತಣ್ಣನೆಯ ಸೀಟು. ಮೂರು ದಿನದಲ್ಲಿ ಹಾಗೆ ಪೂರ್ವಕ್ಕೆ ಹಚ್ಚಿದವರು ಇಬ್ಬರೇ: ತಾತನ ಸೈಕಲ್ಲು, ಹಾಲಿನವನ ಮೊಪೆಡ್ಡು. ಭೌತಶಾಸ್ತ್ರ ವಿಭಾಗದ ಸ್ಕೂಟರುಗಳೆಲ್ಲ ಪಶ್ಚಿಮದಲ್ಲೇ ಇದ್ದವು.

೫. ಉದ್ಯಮದ ರೂಪುರೇಷೆ

ಈಗ ವ್ಯಾಪಾರಕ್ಕೆ ಬರೋಣ. ನಾವು ಸೂಚಿಸುವುದು ನೆರಳು ಮಾರುವ ಕಂಪನಿ. ಜಾಗ ಮುಫತ್ತು, ನೆರಳಿಗೆ ಮಾತ್ರ ತಾಸಿನ ಬಾಡಿಗೆ.

ಸರಕಿನ ದರ್ಜೆ ಹೀಗಿದೆ. ಮೊದಲ ದರ್ಜೆ ಹೊಂಗೆ: ಗಟ್ಟಿ ನೆರಳು, ಹೂವಿನ ಕಾಲದಲ್ಲಿ ಸೀಟಿನ ಮೇಲೆ ಉಚಿತ ಪುಷ್ಪವೃಷ್ಟಿ. ಎರಡನೆಯದು ಬೇವು: ನೆರಳಿನ ಜೊತೆ ಔಷಧೀಯ ಗಾಳಿ. ಮೂರನೆಯದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಮರಕ್ಕೆ ಕನ್ನಡನಾಡು ನಮ್ಮೂರಿನ ಹೆಸರನ್ನೇ ಇಟ್ಟಿದೆ, ನಾವೂ ಬೇಡವೆನ್ನಲಿಲ್ಲ. ಇದರ ನೆರಳು ಜರಡಿ ಹಿಡಿದಂತೆ, ಮುಳ್ಳು ಟೈರಿಗೆ ನೇರ. ಹಾಗಾಗಿ ಪಕ್ಕದಲ್ಲೇ ಪಂಕ್ಚರ್ ಅಂಗಡಿ ತೆರೆದು ನಷ್ಟವನ್ನು ಲಾಭಕ್ಕೆ ತಿರುಗಿಸಲಾಗುವುದು. ಕಡೆಯ ದರ್ಜೆ ದೀಪದ ಕಂಬ: ಅದರ ನೆರಳಿನಲ್ಲಿ ಪೆಟ್ರೋಲ್ ಟ್ಯಾಂಕ್ ಅಥವಾ ಸೀಟು, ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕು. ಬಳ್ಳಾರಿ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಮೇ ಆರಂಭದ ಸುಮಾರಿಗೆ ಮತ್ತು ಆಗಸ್ಟ್ ಎರಡನೆಯ ವಾರದ ಆಸುಪಾಸಿನಲ್ಲಿ ಒಂದೊಂದು ದಿನ ನಡುಹಗಲಿನ ಸೂರ್ಯ ನೆತ್ತಿಯ ಮೇಲೇ ನಿಂತು ಕಂಬದ ನೆರಳು ಮಾಯವಾಗುತ್ತದೆ. ಆ ಎರಡು ದಿನ ಕಂಬದ ಗಿರಾಕಿಗಳಿಗೆ ಹಣ ವಾಪಸ್.

ನೆರಳು ಸರಿದಂತೆ ಗಾಡಿಯನ್ನೂ ಸರಿಸಲು ಹುಡುಗರ ಒಂದು ಪಡೆ ಬೇಕು. ಉದ್ಯೋಗ ಸೃಷ್ಟಿಯ ಅಧ್ಯಾಯ ಇಲ್ಲದೆ ಯಾವ ಯೋಜನಾ ವರದಿಗೂ ಸಹಿ ಬೀಳುವುದಿಲ್ಲ.

ಇನ್ನು ಉಪೋತ್ಪನ್ನಗಳು. ನೆರಳು ಮಾರಿದ ಮೇಲೆ ಬಿಸಿಲು ಉಳಿಯುತ್ತದೆ. ಅದನ್ನು ಕುರುಗೋಡು ಸೀಮೆಯ ಮೆಣಸಿನಕಾಯಿ ಬೆಳೆಗಾರರಿಗೆ ಕಣವಾಗಿ ಕೊಡಬಹುದು. ಒಂದೇ ಕ್ಯಾಂಪಸ್ಸಿನಲ್ಲಿ ಒಂದು ಕಡೆ ಗಾಡಿ ತಣಿಯುತ್ತದೆ, ಇನ್ನೊಂದು ಕಡೆ ಕಾಯಿ ಒಣಗುತ್ತದೆ, ನಡುವೆ ತರಗತಿಗಳು ಸೀನುತ್ತವೆ. ಮರ ಸಾಲದ ಕಡೆ ಚಪ್ಪರ ಹಾಕಲು ಸಿರುಗುಪ್ಪದ ಭತ್ತದ ಹುಲ್ಲಿದೆ. ಸೀಟಿನ ಕವರಿಗೆ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಮಿಗುವ ತುಂಡು ಬಟ್ಟೆಯಿದೆ. ಹೀಗೆ ಒಂದು ಹಾಳು ಬಯಲಿನಲ್ಲಿ ಮೂರೂ ತಾಲ್ಲೂಕುಗಳ ಅರ್ಥವ್ಯವಸ್ಥೆಯನ್ನು ಹಚ್ಚಲಾಗಿದೆ.

೬. ಪೂರ್ವಪಕ್ಷ ಹಾಗೂ ಖಂಡನೆ

ಮೊದಲ ಆಕ್ಷೇಪ: ಸೌರ ಫಲಕದ ಸೂರು ಹಾಕಿದರೆ ಆಗದೇ? ಏಳು ಬೈಕುಗಳ ತಲೆಯ ಮೇಲಿನ ಹತ್ತು ಚದರ ಮೀಟರಿನಲ್ಲಿ ಒಂದು ಕಿಲೋವಾಟ್ ಫಲಕ ಕೂರುತ್ತದೆ, ದಿನಕ್ಕೆ ನಾಲ್ಕು ಯೂನಿಟ್ ವಿದ್ಯುತ್ ಬರುತ್ತದೆ. ಒಂದು ಇ-ಸ್ಕೂಟರಿನ ಹೊಟ್ಟೆ ತುಂಬಿ ಮಿಗುತ್ತದೆ. ದೊಡ್ಡ ಪಾರ್ಕಿಂಗ್ ಬಯಲುಗಳ ಅರ್ಧಕ್ಕಾದರೂ ಇಂಥ ಸೂರಿರಬೇಕೆಂದು ಫ್ರಾನ್ಸ್ 2023ರಲ್ಲಿ ಕಾನೂನನ್ನೇ ಮಾಡಿದೆ. ಸಮಾಧಾನ: ಫ್ರಾನ್ಸಿನ ಪೇಲವ ಬಿಸಿಲಿನಲ್ಲಿ ನಡೆಯುವುದು ಬಳ್ಳಾರಿಯಲ್ಲೂ ನಡೆದುಬಿಟ್ಟರೆ ನಾವು ಇಷ್ಟು ವರ್ಷ ಸುಮ್ಮನೆ ಬೆವರಿದೆವೆಂದು ಒಪ್ಪಿಕೊಂಡಂತಾಗುತ್ತದೆ. ಆದ್ದರಿಂದ ತಿರಸ್ಕೃತ.

ಎರಡನೆಯ ಆಕ್ಷೇಪ: ನೆರಳನ್ನು ದುಡ್ಡಿಗಲ್ಲದೆ ಯೋಗ್ಯತೆಗೆ ಕೊಡಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ನೊಬೆಲ್ ಪಡೆದವರಿಗೆಂದೇ ಫಲಕ ಹಾಕಿದ ಪಾರ್ಕಿಂಗ್ ಜಾಗಗಳಿವೆ. ಸಮಾಧಾನ: ಕ್ರಮ ತಪ್ಪಿದೆ. ಅಲ್ಲಿ ನೊಬೆಲ್ ಬಂದ ಮೇಲೆ ಜಾಗ. ಇಲ್ಲಿ ಮೊದಲು ತಣ್ಣನೆಯ ಸೀಟು ಕೊಟ್ಟು ನೋಡಬೇಕು, ನೊಬೆಲ್ ತಾನಾಗಿ ಬರುತ್ತದೆ.

ಮೂರನೆಯ ಆಕ್ಷೇಪ ಅತ್ಯಂತ ಅಪಾಯಕಾರಿ: ಬಸ್ಸು. ಐವತ್ತು ಹುಡುಗರ ಐವತ್ತು ಬೈಕಿಗೆ 72 ಚದರ ಮೀಟರ್ ಬೇಕು. ಅಷ್ಟೇ ಜನರನ್ನು ತರುವ ಬಸ್ಸಿಗೆ ಮೂವತ್ತರ ಆಸುಪಾಸು ಸಾಕು. ಅದೂ ಇಳಿಸಿ ಹೊರಟೇ ಹೋಗುತ್ತದೆ. 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ಕಾರ್ಡ್ ತೋರಿಸಿ ಬಸ್ಸೇರಿ ಬರುವ ಹುಡುಗಿ ತನ್ನ ಹಿಂದೆ ಒಂದು ಚದರಡಿಯನ್ನೂ ನಿಲ್ಲಿಸಿರುವುದಿಲ್ಲ. ಸಿರುಗುಪ್ಪದ ಹುಡುಗ ಬೈಕಿನಲ್ಲಿ ಹೋಗಿಬರಲು ಹೆಚ್ಚುಕಡಿಮೆ ಎರಡು ಲೀಟರ್ ಪೆಟ್ರೋಲ್ ಸುಡುತ್ತಾನೆ. ಅಪ್ಪ ಒಂದು ಹೊತ್ತು ಕೂಲಿ ಬಿಟ್ಟಂತೆ. “ಪ್ರಾಕ್ಟಿಕಲ್ ಮುಗಿಯೋ ಹೊತ್ತಿಗೆ ಸರಿಯಾಗಿ ಬಸ್ ಇದ್ರ ನಾನ್ಯಾಕ ಗಾಡಿ ತರ್ಲಿ ಸರ್?” ಎಂದು ಅವನು ಕೇಳಿದ. ಸಮಾಧಾನ: ಈ ಪರಿಹಾರದಿಂದ ಸಮಸ್ಯೆಯೇ ಹೋಗುತ್ತದೆ. ಸಮಸ್ಯೆ ಹೋದರೆ ಕಂಪನಿಯೂ ಹೋಗುತ್ತದೆ. ವ್ಯಾಪಾರಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಹುಡುಗನ ಮಾತನ್ನು ಅನುಬಂಧಕ್ಕೆ ಸೇರಿಸಿ, ಪುಟಮಿತಿಯ ಕಾರಣ ಅನುಬಂಧವನ್ನೇ ಕೈಬಿಡಲಾಗಿದೆ.

೭. ಉಪಸಂಹಾರ ಹಾಗೂ ಫಲಶ್ರುತಿ

ಬಳ್ಳಾರಿ ಕೋಟೆಯ ಐತಿಹ್ಯವೊಂದು ಎಲ್ಲರಿಗೂ ಗೊತ್ತು. ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಕೋಟೆಯನ್ನು ಭದ್ರಪಡಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರಗುಡ್ಡ ಕೋಟೆಗುಡ್ಡಕ್ಕಿಂತ ಎತ್ತರ. ಅಲ್ಲಿ ತೋಪು ಏರಿಸಿದರೆ ಕೋಟೆಯ ಕಥೆ ಮುಗಿಯಿತು. ಎಂಜಿನಿಯರನನ್ನು ಗಲ್ಲಿಗೇರಿಸಿದರಂತೆ. ಯೋಜನಾ ವರದಿ ಬರೆಯುವವರೆಲ್ಲ ನೆನಪಿಡಬೇಕಾದ ಪ್ರಸಂಗ. ನಾವು ದಿಕ್ಕು, ದರ, ದರ್ಜೆ, ಧಾತು ಎಲ್ಲವನ್ನೂ ಅಳೆದಿರುವುದರಿಂದ ಈ ಪ್ರಬಂಧದ ಎದುರಿಗೆ ಯಾವ ಕುಂಬಾರಗುಡ್ಡವೂ ಇಲ್ಲ.

ಇದನ್ನು ಬೆಳಿಗ್ಗೆ ಓದಿದವರಿಗೆ ಸಂಜೆಯ ನೆರಳೂ, ಸಂಜೆ ಓದಿದವರಿಗೆ ಸೈಡ್ ಸ್ಟ್ಯಾಂಡ್ ಭಾಗ್ಯವೂ, ಓದದೆ ಸಹಿ ಹಾಕಿದ ಅಧಿಕಾರಿಗಳಿಗೆ ಗುಮ್ಮಟವಿರುವ ಮೀಸಲು ಜಾಗವೂ ಪ್ರಾಪ್ತವಾಗಲಿ.

ಹೀಗೆಂದು ಬರೆದು ಮುಗಿಸಿ ಮೂರನೆಯ ದಿನ ಮಧ್ಯಾಹ್ನ ಮೂರಕ್ಕೆ ನಾವು ಎದ್ದೆವು. ಒಂಬತ್ತಕ್ಕೆ ನೆರಳಿನಲ್ಲಿದ್ದ ನಮ್ಮ ಸ್ಕೂಟರು ಈಗ ಬಿಸಿಲಿನಲ್ಲಿತ್ತು. ಬಾಟಲಿಯ ನೀರು ಸುರಿದರೆ ಸೀಟು ಚುಯ್ಯೆಂದಿತು. ಕಂಪನಿಯ ಮೊದಲ ಷೇರನ್ನು ತಾತನಿಗೇ ಕೊಡುವ ಔದಾರ್ಯದಿಂದ ಯೋಜನೆಯನ್ನು ಪೂರ್ತಿ ವಿವರಿಸಿದೆವು. ತಾತ ಬೀಡಿ ಆರಿಸಿ, ಮರವನ್ನೊಮ್ಮೆ ಬುಡದಿಂದ ತುದಿಯವರೆಗೆ ನೋಡಿ ಕೇಳಿದ:

“ಎಲ್ಲಾ ಚಲೋ ಐತ್ರಿ ಸಾಹೇಬ್ರ. ಎಲ್ರೂ ಗಾಡೀನ ಹಚ್ಚಿದ್ರ, ಗಿಡ ಯಾರು ಹಚ್ಚೋರು?”